ನರ್ಸಿಂಗ್ ಓದುತ್ತಿರುವವರಲ್ಲಿ ವಯಸ್ಸಾದವರ ಆರೈಕೆಗೇ ಹೋಗಬೇಕು ಅಂದುಕೊಂಡವರು ಯಾರಾದರೂ ಇದ್ದೀರಾ?

ಸಾಗರದ ಹುಡುಗಿ

ಎಲ್ಲರಿಗೂ ನಮಸ್ಕಾರ. ನಾನು ಬಿಎಸ್ಸಿ ನರ್ಸಿಂಗ್, ಆರನೇ ಸೆಮಿಸ್ಟರ್. ಮೊನ್ನೆ ಕ್ಲಾಸಿನಲ್ಲಿ ಮೇಡಂ ಒಬ್ಬೊಬ್ಬರನ್ನೇ ಎಬ್ಬಿಸಿ, ಓದು ಮುಗಿದ ಮೇಲೆ ಯಾವ ವಿಭಾಗಕ್ಕೆ ಹೋಗುತ್ತೀರಿ ಅಂತ ಕೇಳಿದರು. ಐಸಿಯು, ಓಟಿ (ಆಪರೇಷನ್ ಥಿಯೇಟರ್), ಲೇಬರ್ ರೂಮ್, ಡಯಾಲಿಸಿಸ್, ಮಕ್ಕಳ ವಾರ್ಡ್. ಒಂದಷ್ಟು ಜನ "ಯಾವುದಾದರೂ ಸರಿ ಮೇಡಂ, ಫಾರಿನ್ ಆದರೆ ಸಾಕು" ಅಂದರು. ನಾನು ವಯಸ್ಸಾದವರ ಆರೈಕೆ ಅಂದೆ. ಹಿಂದಿನ ಬೆಂಚಿನಿಂದ "ಹೋಮ್ ನರ್ಸ್ ಆಗ್ತಾಳಂತೆ ಕಣೇ" ಅಂತ ಕೇಳಿಸಿತು, ಎಲ್ಲರೂ ನಕ್ಕರು. ಮೇಡಂ ನಗಲಿಲ್ಲ. ಆದರೆ "ಮೊದಲು ಎರಡು ವರ್ಷ ಐಸಿಯು ಮಾಡು, ಆಮೇಲೆ ನೋಡೋಣ" ಅಂದು ಮುಂದಿನವಳನ್ನು ಎಬ್ಬಿಸಿದರು. ಅದೇ ನನಗೆ ಜಾಸ್ತಿ ಬೇಜಾರಾಯಿತು.

ಈ ಆಸೆ ಸುಮ್ನೆ ಬಂದದ್ದಲ್ಲ. ನಾಲ್ಕನೇ ಸೆಮಿಸ್ಟರಿನಲ್ಲಿ ಫೀಮೇಲ್ ಮೆಡಿಕಲ್ ವಾರ್ಡಿನಲ್ಲಿ ಪೋಸ್ಟಿಂಗ್ ಇತ್ತು, ಅಂದರೆ ವಾರ್ಡಿನಲ್ಲೇ ಕೆಲಸ ಮಾಡುತ್ತಾ ಕಲಿಯುವುದು. ಎಂಬತ್ತು ದಾಟಿದ ಒಬ್ಬರು ಅಜ್ಜಿ, ಶುಗರ್, ಕಾಲಿನ ಹುಣ್ಣು ಅಂತ ಅಡ್ಮಿಟ್ ಆಗಿದ್ದರು. ಬಂದ ದಿನ ಚೆನ್ನಾಗಿ ಮಾತಾಡಿದವರು, ನಾನು ಯಾವ ಊರು, ಯಾರ ಮನೆ, ಅಪ್ಪನಿಗೆ ಎಷ್ಟು ಅಡಿಕೆ ತೋಟ ಅಂತೆಲ್ಲ ವಿಚಾರಿಸಿದವರು, ಮೂರನೇ ದಿನ ರಾತ್ರಿ ಡ್ರಿಪ್ ಕಿತ್ತುಹಾಕಿ, ಸತ್ತುಹೋದ ಗಂಡನನ್ನು ಕೂಗಿ ಕರೆದಿದ್ದಾರೆ. ಬೆಳಿಗ್ಗೆ ನಾವು ಹೋದಾಗ ಅವರ ಎರಡು ಕೈಯನ್ನೂ ಬ್ಯಾಂಡೇಜ್ ಬಟ್ಟೆಯಲ್ಲಿ ಮಂಚಕ್ಕೆ ಕಟ್ಟಿದ್ದರು. "ಅಜ್ಜಿಗೆ ಅರಳು ಮರಳು" ಅಂತ ಆಯಾ ಹೇಳಿದರು. ನಾನು ನೋಡಿದ್ದು ಅವರ ನೀರಿನ ಬಾಟಲಿ. ಹಿಂದಿನ ದಿನ ನಾನೇ ತುಂಬಿಸಿಟ್ಟ ನೀರು ಹಾಗೇ ಇತ್ತು. ಚಾರ್ಟಿನಲ್ಲಿ ಮೂತ್ರದ ಲೆಕ್ಕ ತೀರಾ ಕಡಿಮೆ. ಸ್ಟಾಫ್ ಸಿಸ್ಟರ್‌ಗೆ ಹೇಳಿದೆ, ಅವರು ಡಾಕ್ಟರಿಗೆ ಹೇಳಿದರು, ಪರೀಕ್ಷೆಯಲ್ಲಿ ಮೂತ್ರದ ಸೋಂಕು ಬಂತು. ಎರಡು ಮೂರು ದಿನದಲ್ಲಿ ಅಜ್ಜಿ ಮತ್ತೆ ಮೊದಲಿನಂತಾದರು. ಯಾಕೆ ನೀರು ಕುಡಿಯಲಿಲ್ಲ ಅಂತ ಆಮೇಲೆ ಕೇಳಿದೆ. "ಕುಡಿದರೆ ಒಂದಕ್ಕೆ ಬರ್ತದೆ ಕೂಸೇ. ಎಷ್ಟು ಸಲ ನಿಮ್ಮನ್ನ ಕರೆಯೂದು, ನಿಮಗೂ ಕೆಲಸ ಇರ್ತದಲ್ಲ" ಅಂದರು.

ಅವತ್ತಿನಿಂದ ಡಿಸ್ಚಾರ್ಜ್ ಆಗುವವರೆಗೂ ಅವರು ಕರೆಯುವ ಮೊದಲೇ ನಾನೇ ಬೆಡ್‌ಪ್ಯಾನ್ ಹಿಡಿದು ಹೋಗುತ್ತಿದ್ದೆ. ಅಷ್ಟೇ ನಾನು ಮಾಡಿದ್ದು. ಆದರೆ ಓದಿದ್ದು ಉಪಯೋಗಕ್ಕೆ ಬಂತು ಅಂತ ನನಗೆ ಮೊದಲ ಸಲ ಅನ್ನಿಸಿದ್ದು ಆವಾಗಲೇ.

ಈಗ ಕೇಳುತ್ತಿರುವುದು ಇದು. ಈ ದಾರಿಯಲ್ಲಿ ಹೋದವರು ಇಲ್ಲಿ ಯಾರಾದರೂ ಇದ್ದೀರಾ? ಸಂಬಳ ಹೇಗೆ? ಮುಂದೆ ಓದಲು ಏನಿದೆ? ಯಾಕೆ ಯಾರಿಗೂ ಇದರಲ್ಲಿ ಆಸಕ್ತಿ ಇಲ್ಲ?

ನಿವೃತ್ತ ವಾರ್ಡ್ ಸಿಸ್ಟರ್

ಮಗೂ, ಆ ಬಾಟಲಿ ನೋಡಿದೆಯಲ್ಲ, ಅದು ಎಲ್ಲರಿಗೂ ಬರುವುದಿಲ್ಲ. ನಾನು ಸರ್ಕಾರಿ ಆಸ್ಪತ್ರೆಯಲ್ಲಿ 33 ವರ್ಷ ಕೆಲಸ ಮಾಡಿ ಹೊರಗೆ ಬಂದವಳು. ವಯಸ್ಸಾದವರಿಗೆ ದಿಢೀರನೆ ತಲೆ ಕೆಟ್ಟ ಹಾಗಾದರೆ ಮೊದಲು ನೋಡಬೇಕಾದದ್ದೇ ಇವು: ನೀರು, ಮೂತ್ರ, ಮಲಬದ್ಧತೆ, ನೋವು, ಸೋಡಿಯಂ, ಹೊಸದಾಗಿ ಶುರು ಮಾಡಿದ ಮಾತ್ರೆ. ಇಷ್ಟು ನೋಡದೆ ಕೈ ಕಟ್ಟುವುದು ತಪ್ಪು. ಆದರೆ ಕಟ್ಟಿದವಳ ಮೇಲೂ ಸಿಟ್ಟು ಮಾಡಿಕೊಳ್ಳಬೇಡ. ರಾತ್ರಿ ಆ ವಾರ್ಡಿನಲ್ಲಿ ಎಷ್ಟು ಜನ ಇದ್ದರು ಅಂತ ಕೇಳು.

ಇಂಡಿಯನ್ ನರ್ಸಿಂಗ್ ಕೌನ್ಸಿಲ್ ಲೆಕ್ಕದಲ್ಲಿ ಬೋಧನಾ ಆಸ್ಪತ್ರೆಯ ಜನರಲ್ ವಾರ್ಡಿನಲ್ಲಿ 3 ರೋಗಿಗೆ ಒಬ್ಬ ನರ್ಸ್, ಸಾಧಾರಣ ಆಸ್ಪತ್ರೆಯಲ್ಲಿ 5 ರೋಗಿಗೆ ಒಬ್ಬರು ಇರಬೇಕು. ನಾನು ರಾತ್ರಿ ಡ್ಯೂಟಿಯಲ್ಲಿ ಅರವತ್ತು ಬೆಡ್ಡಿಗೆ ಇಬ್ಬರಿದ್ದು ಮಾಡಿದ್ದೇನೆ, ಒಬ್ಬಳೇ ಇದ್ದದ್ದೂ ಉಂಟು. ಮುದುಕರಿಗೆ ಒಂದು ಹಿಡಿ ಅನ್ನ ತಿನ್ನಿಸಲು ಅರ್ಧ ಗಂಟೆ ಬೇಕು. ಆ ಅರ್ಧ ಗಂಟೆ ಇಲ್ಲದಿದ್ದರೆ ಅವರು ಕಷ್ಟದ ಪೇಷೆಂಟ್ ಆಗಿಬಿಡುತ್ತಾರೆ. ಪೋಸ್ಟಿಂಗ್‌ಗೆ ಬಂದ ಹುಡುಗಿಯರು ಇದನ್ನೇ ನೋಡುತ್ತಾರೆ. ಸಿಸ್ಟರ್ ಓಡುತ್ತಿದ್ದಾಳೆ, ಅಜ್ಜಿ ಕೂಗುತ್ತಿದ್ದಾಳೆ, ಯಾರೂ ಹೋಗುತ್ತಿಲ್ಲ. ಇದನ್ನು ನೋಡಿದವಳಿಗೆ ಆಸಕ್ತಿ ಎಲ್ಲಿಂದ ಬರಬೇಕು?

ಐಸಿಯು ಕನಸು

ನಾನೂ ನರ್ಸಿಂಗ್ ಸ್ಟೂಡೆಂಟ್, ಕೊನೇ ವರ್ಷ. ಬೇರೆ ಮಾತು ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡ. ನನಗೆ ಈ ಕೆಲಸ ಬೇಡ. ಮುದುಕರ ಮೇಲೆ ಅಸಹ್ಯ ಇದೆ ಅಂತ ಅಲ್ಲ. ನಮ್ಮ ತಾತನಿಗೆ ಲಕ್ವ ಹೊಡೆದು ನಾಲ್ಕು ವರ್ಷ ಹಾಸಿಗೆ ಹಿಡಿದಿದ್ದರು. ಅಮ್ಮ ಒಬ್ಬಳೇ ನೋಡಿಕೊಂಡಳು. ಒಂದು ಮದುವೆ ಮನೆಗೆ ಹೋಗಲಿಲ್ಲ, ತವರಿಗೆ ಹೋಗಲಿಲ್ಲ. ಅವಳ ಬೆನ್ನು ಇವತ್ತಿಗೂ ಸರಿ ಹೋಗಿಲ್ಲ. ತಾತ ಹೋದ ದಿನ ಮನೆ ತುಂಬಾ ಜನ ಬಂದು ಅತ್ತರು. ಆ ನಾಲ್ಕು ವರ್ಷದಲ್ಲಿ ಒಂದು ರಾತ್ರಿ ನಾನು ಮಲಗುತ್ತೇನೆ ನೀನು ರೆಸ್ಟ್ ಮಾಡು ಅಂದವರು ಅವರಲ್ಲಿ ಒಬ್ಬರೂ ಇರಲಿಲ್ಲ. ಅದನ್ನೆಲ್ಲ ಮನೆಯಲ್ಲಿ ನೋಡಿ ಮತ್ತೆ ದುಡಿಮೆಗೂ ಅದೇ ಕೆಲಸ ಅಂದರೆ ನನಗೆ ಉಸಿರು ಕಟ್ಟುತ್ತದೆ.

ಇನ್ನೊಂದು, ನನ್ನ ಮೇಲೆ ಎಜುಕೇಶನ್ ಲೋನ್ ಇದೆ. ಐಸಿಯು ಅನುಭವ ಇದ್ದರೆ ಎಲ್ಲಿ ಬೇಕಾದರೂ ಕೆಲಸ ಸಿಗುತ್ತದೆ. ಹೆಣ್ಣುಮಕ್ಕಳಿಗೆ ಕರುಣೆ ಇರಬೇಕು, ನರ್ಸ್‌ಗೆ ಸೇವಾ ಭಾವ ಇರಬೇಕು ಅಂತ ಹೇಳಿ ಹೇಳಿ ನಮ್ಮ ಬಾಯಿ ಮುಚ್ಚಿಸುತ್ತಾರೆ. ಸೇವೆ ಅನ್ನುವ ಮಾತು ಬಂದ ತಕ್ಷಣ ಸಂಬಳದ ಮಾತು ನಿಂತುಹೋಗುತ್ತದೆ.

ಮನೆ ಮನೆ ಸಿಸ್ಟರ್

ಐಸಿಯು ಕನಸು, ನೀವು ಕೊನೆಗೆ ಹೇಳಿದ ಮಾತು ನೂರಕ್ಕೆ ನೂರು ನಿಜ. ನಾನು ಬೆಂಗಳೂರಿನಲ್ಲಿ ಏಳು ವರ್ಷದಿಂದ ಮನೆಗಳಿಗೆ ಹೋಗಿ ವಯಸ್ಸಾದವರನ್ನು ನೋಡಿಕೊಳ್ಳುತ್ತಿದ್ದೇನೆ. ಜಿಎನ್‌ಎಂ, ಅಂದರೆ ನರ್ಸಿಂಗ್ ಡಿಪ್ಲೊಮಾ ಮಾಡಿದ್ದೇನೆ, ಮೂರು ವರ್ಷದ ಓದು, ಸ್ಟೇಟ್ ಕೌನ್ಸಿಲ್ ರಿಜಿಸ್ಟ್ರೇಶನ್ ಇದೆ. ನನ್ನ ಜೊತೆ ಅದೇ ಏಜೆನ್ಸಿಯಲ್ಲಿ ಹತ್ತು ದಿನ ಟ್ರೈನಿಂಗ್ ತಗೊಂಡು ಬಂದ ಹುಡುಗಿಯೂ ಇದ್ದಳು. ಪಾಪ, ಅವಳ ತಪ್ಪಲ್ಲ, ಮನೆಯಲ್ಲಿ ಕಷ್ಟ. ಆದರೆ ಏಜೆನ್ಸಿಯವರು ಇಬ್ಬರನ್ನೂ ಒಂದೇ ಹೆಸರಿನಲ್ಲಿ ಕಳಿಸುತ್ತಿದ್ದರು: ಹೋಮ್ ನರ್ಸ್. ಮನೆಯವರಿಗೆ ವ್ಯತ್ಯಾಸ ಹೇಗೆ ಗೊತ್ತಾಗಬೇಕು? ನಾನು ಟ್ಯೂಬ್ ಫೀಡ್ (ನಳಿಗೆಯಲ್ಲಿ ಆಹಾರ) ಕೊಡುತ್ತೇನೆ, ಇನ್ಸುಲಿನ್ ಕೊಡುತ್ತೇನೆ, ಮೂತ್ರದ ನಳಿಗೆ (ಕ್ಯಾಥೆಟರ್) ಬದಲಾಯಿಸುತ್ತೇನೆ, ಬೆಡ್‌ಸೋರ್ (ಮಲಗಿ ಮಲಗಿ ಬರುವ ಹುಣ್ಣು) ಡ್ರೆಸ್ಸಿಂಗ್ ಮಾಡುತ್ತೇನೆ. ಅದಾದ ಮೇಲೆ "ಸಿಸ್ಟರ್, ಹೇಗೂ ಕೂತಿದ್ದೀರಲ್ಲ, ಈ ಸೊಪ್ಪು ಸ್ವಲ್ಪ ಬಿಡಿಸಿಕೊಡಿ" ಅನ್ನುತ್ತಾರೆ. ಒಂದು ದಿನ ಬಿಡಿಸಿಕೊಟ್ಟೆ. ಮರುದಿನ ಪಾತ್ರೆ. ಅಲ್ಲಿಂದ ನಾನು ಮೊದಲ ದಿನವೇ ಯಾವ ಕೆಲಸ ನನ್ನದು, ಯಾವುದು ನನ್ನದಲ್ಲ ಅಂತ ಬರೆದು ಫ್ರಿಜ್ ಮೇಲೆ ಅಂಟಿಸುತ್ತೇನೆ.

2016ರಲ್ಲಿ ಸುಪ್ರೀಂ ಕೋರ್ಟ್ ಹೇಳಿ ಮಾಡಿಸಿದ ಸಮಿತಿ, 50ಕ್ಕಿಂತ ಕಡಿಮೆ ಬೆಡ್ ಇರುವ ಖಾಸಗಿ ಆಸ್ಪತ್ರೆಯಲ್ಲೂ ನರ್ಸ್ ಸಂಬಳ ತಿಂಗಳಿಗೆ 20,000 ರೂಪಾಯಿಗಿಂತ ಕಡಿಮೆ ಇರಬಾರದು, 200 ಬೆಡ್ ದಾಟಿದ ಕಡೆ ಸರ್ಕಾರಿ ನರ್ಸ್‌ಗೆ ಸಮ ಇರಬೇಕು ಅಂದಿತ್ತು. ಅದು ಆಸ್ಪತ್ರೆಗಳ ಲೆಕ್ಕ. ಮನೆಗೆ ಹೋಗುವ ನಮಗೆ ಏಜೆನ್ಸಿ ಹೇಳಿದ್ದೇ ಲೆಕ್ಕ. ಮನೆಯವರು ಕೊಡುವ ದುಡ್ಡು ಎಷ್ಟು ಅಂತಲೂ ನನಗೆ ಮೊದಲು ಹೇಳುತ್ತಿರಲಿಲ್ಲ. ಗೊತ್ತಾದ ದಿನ ಅತ್ತುಬಿಟ್ಟೆ. ಈಗ ನಾವು ನಾಲ್ಕು ಜನ ಸಿಸ್ಟರ್‌ಗಳು ಸೇರಿ ನಾವೇ ಕೇಸ್ ತಗೊಳ್ಳುತ್ತೇವೆ. ಬದುಕು ಪರವಾಗಿಲ್ಲ.

ಸಾಗರದ ಹುಡುಗಿ, ಒಂದು ಮಾತು. ಮನೆಯಲ್ಲಿ ಡಾಕ್ಟರ್ ಪಕ್ಕದಲ್ಲಿ ಇರುವುದಿಲ್ಲ. ವಯಸ್ಸಾದವರಿಗೆ ನ್ಯುಮೋನಿಯಾ ಬಂದರೂ ಜ್ವರ ಬರದೇ ಇರಬಹುದು, ಬರೀ ಊಟ ಬಿಡುತ್ತಾರೆ, ಮಂಕಾಗುತ್ತಾರೆ. ಹಾರ್ಟ್ ಅಟ್ಯಾಕ್ ಆದರೂ ಎದೆ ನೋವು ಅನ್ನದೆ ಸುಸ್ತು ಅನ್ನಬಹುದು. ಗುರುತಿಸಬೇಕಾದದ್ದು ನೀನೇ. ಇದು ಸುಲಭದ ಕೆಲಸ ಅಂತ ನಗುವವರು ಒಂದು ರಾತ್ರಿ ಒಬ್ಬರೇ ಇದ್ದು ನೋಡಲಿ.

ಮೈಸೂರಿನ ಮಗಳು

ನಾನು ನರ್ಸ್ ಅಲ್ಲ. ಬ್ಯಾಂಕಿನಲ್ಲಿ ಕೆಲಸ. ಅಮ್ಮನಿಗೆ ಮರೆವಿನ ಕಾಯಿಲೆ ಬಂದು ಐದು ವರ್ಷ ಆಯಿತು. ಈ ಚರ್ಚೆ ಓದುತ್ತಾ ಬರೆಯದೆ ಇರಲು ಆಗಲಿಲ್ಲ.

ಎರಡು ವರ್ಷದಲ್ಲಿ ಆರು ಜನ ಹೋಮ್ ನರ್ಸ್ ಬದಲಾದರು. ಒಬ್ಬಳು ಹೇಳದೆ ಕೇಳದೆ ಹೋದಳು. ಅತಿ ಕಷ್ಟ ಅಂದರೆ ಸ್ನಾನ. ನೀರು ಮೈಗೆ ಬಿದ್ದ ತಕ್ಷಣ ಅಮ್ಮ ಕಿರುಚುತ್ತಿದ್ದಳು, ಹೊಡೆಯುತ್ತಿದ್ದಳು, ಅಕ್ಕಪಕ್ಕದವರು ಬಂದು ಏನಾಯಿತು ಅಂತ ಕೇಳುತ್ತಿದ್ದರು. ಇಬ್ಬರು ಹಿಡಿದು ಒಬ್ಬರು ನೀರು ಹಾಕುತ್ತಿದ್ದೆವು. ಹೇಳಿಕೊಳ್ಳಲು ನಾಚಿಕೆ ಆಗುತ್ತದೆ, ಆದರೆ ಅದು ಸ್ನಾನ ಅಲ್ಲ, ಜಗಳ.

ಆಮೇಲೆ ಗೊತ್ತಿದ್ದವರ ಮೂಲಕ ಒಬ್ಬರು ನರ್ಸ್ ಬಂದರು. ಅವರು ಮಾಡಿದ್ದು ಇಷ್ಟೇ. ಮೊದಲ ದಿನ ಸ್ನಾನವೇ ಮಾಡಿಸಲಿಲ್ಲ. ಬರೀ ಅಮ್ಮನ ಕಾಲು ತೊಳೆದರು. ಎರಡನೇ ದಿನ ಬಚ್ಚಲು ಮನೆಯಲ್ಲಿ ಬಿಸಿನೀರು ಬಿಟ್ಟು ಮೊದಲೇ ಬೆಚ್ಚಗೆ ಮಾಡಿಟ್ಟರು. ಅಮ್ಮನ ಭುಜದಿಂದ ಮಂಡಿವರೆಗೆ ಒಂದು ಹಳೇ ಸೀರೆ ಹೊದಿಸಿದರು, ಬತ್ತಲೆ ಮಾಡಲಿಲ್ಲ. ತಂಬಿಗೆಯನ್ನು ಅಮ್ಮನ ಕೈಗೇ ಕೊಟ್ಟು, ಕೆಳಗಿನಿಂದ ತಮ್ಮ ಕೈ ಆಸರೆ ಕೊಟ್ಟು, ಮೊದಲು ಕಾಲಿಗೆ, ಆಮೇಲೆ ಮಂಡಿಗೆ, ಹಾಗೇ ಮೇಲೆ ಮೇಲೆ ನೀರು ಹಾಕಿಸಿದರು. ತಲೆಗೆ ಹಾಕಲೇ ಇಲ್ಲ, ಒದ್ದೆ ಬಟ್ಟೆಯಲ್ಲಿ ಒರೆಸಿದರು. ಅಮ್ಮ ಕಿರುಚಲಿಲ್ಲ. ಅರ್ಧಕ್ಕೆ ನಿಲ್ಲಿಸಿ "ಸೀಗೆಪುಡಿ ಎಲ್ಲಿ?" ಅಂತ ಕೇಳಿದಳು. ನಾನು ಹೊರಗೆ ನಿಂತಿದ್ದೆ. ಅಷ್ಟು ಸ್ಪಷ್ಟವಾಗಿ ಅವಳು ಒಂದು ಪ್ರಶ್ನೆ ಕೇಳಿ ತಿಂಗಳುಗಳಾಗಿತ್ತು.

ಇದನ್ನು ಎಲ್ಲಿ ಕಲಿತಿರಿ ಅಂತ ಅವರನ್ನು ಕೇಳಿದೆ. ಕಾಲೇಜಿನಲ್ಲಿ ಅಲ್ಲವಂತೆ, ಬೆಂಗಳೂರಿನ ಒಂದು ಮರೆವಿನ ಕಾಯಿಲೆಯ ಆರೈಕೆ ಕೇಂದ್ರದಲ್ಲಿ ಕೆಲಸ ಮಾಡುತ್ತಾ ಕಲಿತದ್ದಂತೆ. ಕಾಲೇಜಿನಲ್ಲೇ ಕಲಿಸಿದ್ದರೆ ನನ್ನಂಥ ಎಷ್ಟು ಮನೆಗಳು ಉಳಿಯುತ್ತಿದ್ದವು ಅಲ್ವಾ?

ಪಾಠದ ಮೇಡಂ

ನಾನು ನರ್ಸಿಂಗ್ ಕಾಲೇಜಿನಲ್ಲಿ ಪಾಠ ಮಾಡುವವಳು. ಮೈಸೂರಿನ ಮಗಳು ಅವರು ಕೇಳಿದ್ದಕ್ಕೆ ಉತ್ತರ ಕೊಡುವುದು ನನ್ನ ಜವಾಬ್ದಾರಿ.

ಸಿಲಬಸ್‌ನಲ್ಲಿ ಏನೂ ಇಲ್ಲ ಅಂತ ಅಲ್ಲ. 2021ರಲ್ಲಿ ಬಂದ ಬಿಎಸ್ಸಿ ನರ್ಸಿಂಗ್‌ನ ಹೊಸ ಸಿಲಬಸ್‌ನಲ್ಲಿ ಅಡಲ್ಟ್ ಹೆಲ್ತ್ ನರ್ಸಿಂಗ್ ಎರಡನೇ ಪೇಪರಿನ ಹೆಸರಿನಲ್ಲೇ ಜೀರಿಯಾಟ್ರಿಕ್ ನರ್ಸಿಂಗ್, ಅಂದರೆ ವಯಸ್ಸಾದವರ ನರ್ಸಿಂಗ್, ಸೇರಿದೆ, ಜೊತೆಗೆ ಪ್ಯಾಲಿಯೇಟಿವ್ ಕೇರ್ (ಗಂಭೀರ ಕಾಯಿಲೆಯವರ ನೋವು ಕಡಿಮೆ ಮಾಡುವ ಆರೈಕೆ) ಮಾಡ್ಯೂಲ್ ಇದೆ. ಆದರೆ ಅದೇ ಪೇಪರಿನಲ್ಲಿ ಕಿವಿ, ಮೂಗು, ಗಂಟಲು, ಕಣ್ಣು, ಕಿಡ್ನಿ, ನರ, ಕ್ಯಾನ್ಸರ್, ಸುಟ್ಟಗಾಯ, ಎಮರ್ಜೆನ್ಸಿ ಎಲ್ಲವೂ ಇದೆ. ವಯಸ್ಸಾದವರ ಯೂನಿಟ್ ಕೊನೆಗೆ ಉಳಿದುಬಿಡುತ್ತದೆ. ಪರೀಕ್ಷೆ ಹತ್ತಿರ ಬಂದಾಗ ಅದನ್ನು ನೋಟ್ಸ್ ಬರೆಸಿ ಮುಗಿಸುತ್ತೇವೆ. ನಾನೂ ಹಾಗೆ ಮುಗಿಸಿದ್ದೇನೆ. ಅದು ಸರಿ ಅಲ್ಲ ಅಂತ ಗೊತ್ತಿದ್ದೂ ಮಾಡಿದ್ದೇನೆ.

ನರ್ಸಿಂಗ್ ವಿದ್ಯಾರ್ಥಿಗಳ ಮನೋಭಾವ ಅಳೆಯಲು ಹಲವು ದೇಶಗಳಲ್ಲಿ ಬಳಸುವ ಒಂದು ಪ್ರಶ್ನಾವಳಿ ಇದೆ. 1961ರಲ್ಲಿ ಕೋಗನ್ ಅನ್ನುವ ಮನಶ್ಶಾಸ್ತ್ರಜ್ಞ ಮಾಡಿದ್ದು. ನಮ್ಮ ಎಂಎಸ್ಸಿ ಹುಡುಗಿಯರೂ ಥೀಸಿಸ್‌ಗೆ ಅದನ್ನು ತಗೊಳ್ಳುತ್ತಾರೆ. ನಾನು ಗೈಡ್ ಆಗಿ ನೋಡಿದ ಮಟ್ಟಿಗೆ ನಮ್ಮ ಹುಡುಗಿಯರಿಗೆ ವಯಸ್ಸಾದವರ ಮೇಲೆ ಪ್ರೀತಿ ಇದೆ, ಗೌರವ ಇದೆ. ಆದರೆ ಇದೇ ಕೆಲಸ ಮಾಡುತ್ತೀಯಾ ಅಂದರೆ ಇಲ್ಲ ಅನ್ನುತ್ತಾರೆ. ಪ್ರೀತಿ ಬೇರೆ, ಕೆಲಸದ ಆಸಕ್ತಿ ಬೇರೆ. ಅಜ್ಜಿಯ ಜೊತೆ ಬೆಳೆದವರಿಗೆ ಪ್ರೀತಿ ಬರುತ್ತದೆ. ಕೆಲಸದ ಆಸಕ್ತಿ ಬರಬೇಕಾದರೆ, ನಾನು ಮಾಡಿದ್ದರಿಂದ ಈ ಮನುಷ್ಯ ಚೇತರಿಸಿಕೊಂಡ ಅನ್ನುವುದು ಒಂದು ಸಲವಾದರೂ ಕಣ್ಣಿಗೆ ಕಾಣಬೇಕು. ಸಾಗರದ ಹುಡುಗಿಗೆ ಆದದ್ದು ಅದೇ.

ನಾನು ಪ್ರತಿ ಬ್ಯಾಚಿಗೂ ಡೊರೀನ್ ನಾರ್ಟನ್ ಕಥೆ ಹೇಳುತ್ತೇನೆ. ಇಂಗ್ಲೆಂಡಿನ ನರ್ಸ್. ವಯಸ್ಸಾದ ರೋಗಿಗಳ ಬೆಡ್‌ಸೋರ್ ಬಗ್ಗೆ ಅವರು ಮತ್ತು ಜೊತೆಗಾರರು ಮಾಡಿದ ಅಧ್ಯಯನ 1962ರಲ್ಲಿ ಬಂತು. ಆಗ ಬೆಡ್‌ಸೋರ್ ಬರದ ಹಾಗೆ ಬೆನ್ನಿಗೆ ಏನೇನೋ ಹಚ್ಚಿ ತಿಕ್ಕುತ್ತಿದ್ದರು. ಅವರು ನೋಡಿ ಹೇಳಿದ್ದು, ಹಚ್ಚುವುದರಿಂದ ಏನೂ ಆಗುವುದಿಲ್ಲ, ರೋಗಿಯನ್ನು ಆಗಾಗ ಮಗ್ಗುಲು ಬದಲಿಸಿದರೆ ಮಾತ್ರ ಹುಣ್ಣು ತಪ್ಪುತ್ತದೆ ಅಂತ. ಯಾರಿಗೆ ಹುಣ್ಣು ಬರುವ ಅಪಾಯ ಜಾಸ್ತಿ ಅಂತ ಮೊದಲೇ ತಿಳಿಯಲು ಐದು ಅಂಶಗಳ ಸ್ಕೋರ್ ಮಾಡಿದರು. ನಾವು ಇವತ್ತೂ ಅದನ್ನು ನಾರ್ಟನ್ ಸ್ಕೇಲ್ ಅಂತ ಬಾಯಿಪಾಠ ಮಾಡುತ್ತೇವೆ. ಮಾಡುತ್ತಲೇ ಸ್ಪಿರಿಟ್, ಪೌಡರ್ ಹಚ್ಚಿ ಬ್ಯಾಕ್ ಕೇರ್ ಕೊಡುತ್ತೇವೆ! ಯಾರಿಗೂ ಬೇಡವಾದ ವಾರ್ಡಿನಲ್ಲಿ ನಿಂತು ಒಬ್ಬ ನರ್ಸ್ ಎಲ್ಲ ದೇಶದ ಪಠ್ಯ ಬದಲಿಸಿದಳು. ಇದು ಕೀಳು ಕೆಲಸ ಅನ್ನುವವರಿಗೆ ನನ್ನ ಉತ್ತರ ಇದು.

ಮುಂದೆ ಓದುವ ಬಗ್ಗೆ: ಇಂಡಿಯನ್ ನರ್ಸಿಂಗ್ ಕೌನ್ಸಿಲ್‌ನ ಒಂದು ವರ್ಷದ ಪೋಸ್ಟ್ ಬೇಸಿಕ್ (ನರ್ಸಿಂಗ್ ಮುಗಿದ ಮೇಲೆ ಮಾಡುವ) ಡಿಪ್ಲೊಮಾಗಳಲ್ಲಿ ಜೀರಿಯಾಟ್ರಿಕ್ ನರ್ಸಿಂಗ್ ಕೂಡ ಒಂದು. ಅದಕ್ಕೂ ಮೊದಲು ಬೆಂಗಳೂರಿನಲ್ಲಿ ಮರೆವಿನ ಕಾಯಿಲೆಯವರನ್ನು ನೋಡಿಕೊಳ್ಳುವ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್‌ನ ಕೇಂದ್ರ, ಕರುಣಾಶ್ರಯ, ನಿಮ್ಹಾನ್ಸ್‌ನ ವಯಸ್ಸಾದವರ ಮಾನಸಿಕ ಆರೋಗ್ಯ ವಿಭಾಗ, ಇವುಗಳಲ್ಲಿ ಯಾವುದಾದರೂ ಒಂದನ್ನು ನೋಡಿ ಬಾ. ಕರುಣಾಶ್ರಯ ಕೊನೆ ಹಂತದ ಕ್ಯಾನ್ಸರ್ ರೋಗಿಗಳಿಗೆ, ವಯಸ್ಸಾದವರಿಗೆ ಅಂತಲೇ ಅಲ್ಲ. ಆದರೆ ಬಾಯಿ ಆರೈಕೆ, ಮಗ್ಗುಲು ಬದಲಿಸುವುದು, ನೋವು ಅಳೆಯುವುದು ಇವನ್ನೆಲ್ಲ ಪುರುಸೊತ್ತಾಗಿ ಹೇಗೆ ಮಾಡಬೇಕು ಅಂತ ಅಲ್ಲಿ ಕಾಣುತ್ತದೆ.

ಕಲಬುರಗಿ ಬ್ರದರ್

ನಾನೂ ಒಂದು ಮಾತು ಹೇಳಬೇಕು. ಈ ಕೆಲಸದಲ್ಲಿ ಗಂಡಸರ ಸುದ್ದಿ ಯಾರೂ ಎತ್ತುವುದಿಲ್ಲ. ನಾನು ಖಾಸಗಿ ಆಸ್ಪತ್ರೆಯಲ್ಲಿ ಮೇಲ್ ನರ್ಸ್, ಬಿಡುವಿನಲ್ಲಿ ಮನೆಗಳಿಗೂ ಹೋಗುತ್ತೇನೆ. ನಮ್ಮ ಕಡೆ ಹಿರಿಯರಿಗೆ ಹೆಣ್ಣುಮಕ್ಕಳ ಕೈಯಲ್ಲಿ ಸ್ನಾನ ಮಾಡಿಸಿಕೊಳ್ಳುವುದೆಂದರೆ ಸಾಯುವಷ್ಟು ಸಂಕೋಚ. ಒಬ್ಬ ಅಜ್ಜ, ಊರಿಗೆ ಗೌಡ ಆಗಿದ್ದವರು, ಸೊಸೆ ಡೈಪರ್ ಬದಲಿಸಬೇಕಾಗುತ್ತದೆ ಅಂತ ಊಟವನ್ನೇ ಅರ್ಧ ಮಾಡಿದ್ದರು. ಸಾಗರದ ಅಜ್ಜಿ ನೀರು ಬಿಟ್ಟ ಹಾಗೆ ಇವರು ರೊಟ್ಟಿ ಬಿಟ್ಟಿದ್ದರು. ನಾನು ಹೋದ ಮೇಲೆ "ಬಾರೋ ತಮ್ಮಾ, ನೀ ಬಂದಿ ಅಂದ್ರ ನಾ ಹೊಟ್ಟಿ ತುಂಬ ಉಣ್ತೀನಿ" ಅಂದರು. ಆ ಮಾತು ಕೇಳಿದ ದಿನ ನಾನು ಈ ಕೆಲಸ ಬಿಡಬಾರದು ಅಂತ ಮಾಡಿದೆ.

ಆದರೆ ಹೆಣ್ಣು ನೋಡಲು ಹೋದಲ್ಲಿ ಏನು ಕೆಲಸ ಅಂತ ಕೇಳಿ, ಮುದುಕರನ್ನು ತೊಳೆಯುವವನಿಗೆ ಹೆಣ್ಣು ಕೊಡುವುದಿಲ್ಲ ಅಂದವರೂ ಇದ್ದಾರೆ. ಅದೇ ಮನೆಯವರು ಆರು ತಿಂಗಳ ಮೇಲೆ ಫೋನ್ ಮಾಡಿ, ನಮ್ಮ ಅಪ್ಪ ಬಿದ್ದು ಸೊಂಟ ಮುರಿದಿದೆ, ಬರ್ತೀರಾ ಅಂತ ಕೇಳಿದರು. ಹೋದೆ. ಒಳ್ಳೆಯ ಮನುಷ್ಯ ಅವರಪ್ಪ. ರಾತ್ರಿ ನಿದ್ದೆ ಮಾತ್ರೆ ತಗೊಂಡು ಕತ್ತಲಲ್ಲಿ ಎದ್ದು ಬಿದ್ದಿದ್ದರು. ಮಂಚದ ಪಕ್ಕ ಒಂದು ಸಣ್ಣ ಬಲ್ಬು ಹಾಕಿಸಿದೆ, ಬಚ್ಚಲಿಗೆ ಹಿಡಿಕೆ ಹಾಕಿಸಿದೆ, ಡಾಕ್ಟರನ್ನು ಕೇಳಿ ಆ ಮಾತ್ರೆ ಕಮ್ಮಿ ಮಾಡಿಸಿದೆ.

ಬಂಟ್ವಾಳದವ, ಈಗ ಜರ್ಮನಿ

ಫಾರಿನ್ ಆದರೆ ಸಾಕು ಅನ್ನುವವರಿಗೆ ಒಂದು ಮಾತು. ನಾನು ಇಲ್ಲಿಗೆ ಬಂದು ಐದು ವರ್ಷ. ನಿಮ್ಮ ಕ್ಲಾಸಿನಲ್ಲಿ ನಕ್ಕವರು ಜರ್ಮನಿಗೆ ಬಂದರೆ ನೋಡಿಕೊಳ್ಳುವುದು ವಯಸ್ಸಾದವರನ್ನೇ. ಮೆಡಿಸಿನ್ ವಾರ್ಡಿನಲ್ಲಿ ನನ್ನ ಪೇಷೆಂಟ್‌ಗಳಲ್ಲಿ ಹೆಚ್ಚಿನವರು ಎಂಬತ್ತರ ಆಸುಪಾಸು. ಇಲ್ಲಿ ಮೈ ಒರೆಸುವುದು, ಹಲ್ಲುಸೆಟ್ ತೊಳೆಯುವುದು, ಊಟ ತಿನ್ನಿಸುವುದು ಎಲ್ಲ ನರ್ಸ್ ಕೆಲಸವೇ. ಆಯಾ ಮಾಡುತ್ತಾರೆ ಅನ್ನುವ ಮಾತಿಲ್ಲ. ಊರಿನಿಂದ ಬಂದ ಹೊಸಬರು ಮೊದಲ ತಿಂಗಳು ಅಳುತ್ತಾರೆ, ನಾನು ಬಿಎಸ್ಸಿ ಮಾಡಿ ಇದಕ್ಕಾ ಬಂದದ್ದು ಅಂತ. ನಾನೂ ಅತ್ತಿದ್ದೇನೆ. ನಮಗೆ ಊರಿನಲ್ಲಿ ಇಂಜೆಕ್ಷನ್ ಹಾಕುವುದು ನರ್ಸಿಂಗ್, ಮೈ ತೊಳೆಯುವುದು ನರ್ಸಿಂಗ್ ಅಲ್ಲ ಅಂತ ತಲೆಯಲ್ಲಿ ಕೂತಿರುತ್ತದೆ. ಇಲ್ಲಿಯ ನನ್ನ ಹಿರಿಯ ಸಹೋದ್ಯೋಗಿ ಒಂದು ದಿನ ತೋರಿಸಿದರು. ಮೈ ಒರೆಸುವಾಗಲೇ ಅವರು ಹಿಮ್ಮಡಿ ಕೆಂಪಾಗಿದೆಯಾ ಬೆರಳಲ್ಲಿ ಒತ್ತಿ ನೋಡಿದರು, ಉಸಿರು ಎಣಿಸಿದರು, ಕಾಲಿನ ಬಾವು ನೋಡಿದರು, ಬಲಗೈ ನಿನ್ನೆಗಿಂತ ನಿಧಾನ ಎತ್ತುತ್ತಿದ್ದಾರೆ ಅಂತ ಗುರುತಿಸಿದರು. ಎಲ್ಲ ಹತ್ತು ನಿಮಿಷದಲ್ಲಿ, ಮಾತಾಡುತ್ತಾ ಮಾತಾಡುತ್ತಾ.

ಇಲ್ಲಿ ಮೊದಲು ವಯಸ್ಸಾದವರ ನರ್ಸಿಂಗ್ ಬೇರೆಯೇ ಕೋರ್ಸ್ ಆಗಿತ್ತು. 2020ರಿಂದ ಮೂರನ್ನೂ, ಅಂದರೆ ಸಾಧಾರಣ, ಮಕ್ಕಳ ಮತ್ತು ವಯಸ್ಸಾದವರ ನರ್ಸಿಂಗನ್ನು, ಒಂದೇ ಮೂರು ವರ್ಷದ ತರಬೇತಿ ಮಾಡಿದರು. ಆರೈಕೆಗೆ ಅಂತಲೇ 1995ರಿಂದ ಕಡ್ಡಾಯ ಇನ್ಶೂರೆನ್ಸ್ ಇದೆ, ಒಬ್ಬರಿಗೆ ಎಷ್ಟು ಸಹಾಯ ಬೇಕು ಅಂತ 1ರಿಂದ 5ರವರೆಗೆ ದರ್ಜೆ ಹಾಕಿ ಅದರ ಮೇಲೆ ದುಡ್ಡು ಕೊಡುತ್ತಾರೆ. ಹಾಗಾಗಿ ಈ ಕೆಲಸಕ್ಕೆ ಸಂಬಳ ಅಂತ ಇದೆ. ಎಲ್ಲ ಚೆನ್ನಾಗಿದೆ ಅಂತ ಹೇಳುವುದಿಲ್ಲ. ವೃದ್ಧಾಶ್ರಮಗಳಲ್ಲಿ ರಾತ್ರಿ ಜನ ಕಡಿಮೆ, ಬೆನ್ನು ನೋವು ಗ್ಯಾರಂಟಿ, ಭಾಷೆ ಬಿ2 ಮಟ್ಟಕ್ಕೆ (ಸರಾಗವಾಗಿ ಮಾತಾಡುವಷ್ಟು) ಕಲಿಯದೆ ನರ್ಸ್ ಅಂತ ಮಾನ್ಯತೆ ಸಿಗುವುದು ಕಷ್ಟ. ವಯಸ್ಸಾದವರು ಆಡುವುದು ಪುಸ್ತಕದ ಜರ್ಮನ್ ಅಲ್ಲ, ಅವರ ಊರಿನ ಮಾತು. ನನಗೆ ಅದು ಅರ್ಥ ಆಗಲು ಒಂದು ವರ್ಷ ಹಿಡಿಯಿತು.

ನನಗೆ ಕಾಡುವುದು ಬೇರೆ. ನಾನು ಇಲ್ಲಿ ಯಾರದೋ ಅಪ್ಪನಿಗೆ ಸೂಪ್ ಕುಡಿಸುತ್ತಿದ್ದೇನೆ. ಬಂಟ್ವಾಳದಲ್ಲಿ ನನ್ನ ಅಪ್ಪ ಅಮ್ಮ ಇಬ್ಬರೇ. ಅಣ್ಣ ದುಬೈನಲ್ಲಿ. ನಮ್ಮ ಓಣಿಯಲ್ಲಿ ಇಂಥ ಮನೆಗಳೇ ಜಾಸ್ತಿ, ದೊಡ್ಡ ಮನೆ, ಗೇಟಿಗೆ ಬೀಗ, ಒಳಗೆ ಇಬ್ಬರು ವಯಸ್ಸಾದವರು. ಅಮ್ಮನಿಗೆ ಬಿಪಿ ನೋಡಲು ಪಕ್ಕದ ಮನೆಯ ಹುಡುಗಿ ಬರುತ್ತಾಳೆ, ಅವಳೂ ಈಗ ಜರ್ಮನ್ ಕಲಿಯುತ್ತಿದ್ದಾಳೆ.

ಐಸಿಯು ಕನಸು

ಬಂಟ್ವಾಳದ ಅಣ್ಣ, ನೀವು ಬರೆದದ್ದು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ನನ್ನ ನಿರ್ಧಾರ ಬದಲಾಗಿಲ್ಲ, ನಾನು ಐಸಿಯುಗೇ ಹೋಗುತ್ತೇನೆ. ಆದರೆ ಒಂದು ಹೊಳೆಯಿತು. ಐಸಿಯುನಲ್ಲೂ ಮಲಗಿರುವವರು ಬಹಳಷ್ಟು ವಯಸ್ಸಾದವರೇ ಅಲ್ವಾ. ನಾನು ಅದರಿಂದ ತಪ್ಪಿಸಿಕೊಂಡು ಹೋಗುತ್ತಿದ್ದೇನೆ ಅಂದುಕೊಂಡಿದ್ದೆ. ಮೈಸೂರಿನ ಅಕ್ಕ, ನೀವು ಬರೆದ ಸ್ನಾನದ ವಿಷಯ ಅಮ್ಮನಿಗೆ ಓದಿ ಹೇಳಿದೆ. "ನಮಗೆ ಆಗ ಯಾರಾದರೂ ಇಷ್ಟು ಹೇಳಿಕೊಟ್ಟಿದ್ದರೆ" ಅಂದಳು. ಬೇರೆ ಏನೂ ಹೇಳಲಿಲ್ಲ.

ಪಾಠದ ಮೇಡಂ

ಕೆಲಸ ಸಿಗುತ್ತದಾ ಅಂತ ಕೇಳುವವರಿಗೆ ಲೆಕ್ಕ ಹೇಳಿಬಿಡುತ್ತೇನೆ. 2011ರ ಜನಗಣತಿಯಲ್ಲೇ ದೇಶದಲ್ಲಿ 60 ದಾಟಿದವರು ಸುಮಾರು 10.4 ಕೋಟಿ. ಕರ್ನಾಟಕದ ಜನಸಂಖ್ಯೆಯಲ್ಲಿ ಆಗ ಶೇ. 9.5, ಕೇರಳದಲ್ಲಿ ಶೇ. 12.6. 2050ರ ಹೊತ್ತಿಗೆ ದೇಶದ ಐವರಲ್ಲಿ ಒಬ್ಬರಿಗೆ 60 ದಾಟಿರುತ್ತದೆ ಅಂತ ಅಂದಾಜು ಇದೆ. ಆಗ ಈಗಿನ ವಿದ್ಯಾರ್ಥಿಗಳಿಗೇ ಐವತ್ತರ ಹತ್ತಿರ ವಯಸ್ಸಾಗಿರುತ್ತದೆ. 60 ದಾಟಿದವರಲ್ಲಿ ಮರೆವಿನ ಕಾಯಿಲೆ ಇರುವವರು ಸುಮಾರು 88 ಲಕ್ಷ ಅಂತ 2023ರಲ್ಲಿ ಬಂದ ಒಂದು ಅಂದಾಜು ಹೇಳುತ್ತದೆ. ಬೇಡಿಕೆ ಇದೆ. ಆ ಬೇಡಿಕೆಯನ್ನು ಈಗ ತುಂಬುತ್ತಿರುವುದು ಹತ್ತು ದಿನದ ಟ್ರೈನಿಂಗ್. ನಾವು ಬಿಟ್ಟ ಜಾಗ ಅದು.

ಮನೆ ಮನೆ ಸಿಸ್ಟರ್

ಮೇಡಂ, ನಿಮ್ಮ ಕಾಲೇಜಿನಿಂದ ಪೋಸ್ಟಿಂಗ್‌ಗೆ ನಮ್ಮ ಜೊತೆ ಇಬ್ಬರನ್ನು ಕಳಿಸುತ್ತೀರಾ? ಮನೆಯವರ ಒಪ್ಪಿಗೆ ನಾನು ಕೇಳುತ್ತೇನೆ. ಒಂದು ಮನೆಗೆ ಒಬ್ಬರು, ಒಂದೇ ವಾರ ಸಾಕು. ಅಡುಗೆಮನೆಯಲ್ಲಿ ಯಾವ ಪಾತ್ರೆಯಲ್ಲಿ ಫೀಡ್ ಕಲಸಬೇಕು ಅನ್ನುವುದರಿಂದ ಹಿಡಿದು ಕಲಿಸುತ್ತೇನೆ.

ಪಾಠದ ಮೇಡಂ

ಪ್ರಿನ್ಸಿಪಾಲರ ಹತ್ತಿರ ಸೋಮವಾರ ಮಾತಾಡುತ್ತೇನೆ. ಪೋಸ್ಟಿಂಗ್ ಅಂತ ಮಾಡಲು ನಿಯಮ ಅಡ್ಡ ಬರಬಹುದು, ರಜೆಯಲ್ಲಿ ಬರುವ ಆಸಕ್ತರಿಗೆ ಅಂತ ಕೇಳುತ್ತೇನೆ. ನಿಮಗೆ ಮೆಸೇಜ್ ಮಾಡಿದ್ದೇನೆ, ನೋಡಿ.

ಸಾಗರದ ಹುಡುಗಿ

ಇಷ್ಟು ಜನ ಇಷ್ಟು ಬರೆಯುತ್ತೀರಿ ಅಂದುಕೊಂಡಿರಲಿಲ್ಲ. ರಾತ್ರಿ ಹಾಸ್ಟೆಲಿನಲ್ಲಿ ಎಲ್ಲವನ್ನೂ ಎರಡು ಸಲ ಓದಿದೆ. ಹಿಂದಿನ ಬೆಂಚಿನ ಗೆಳತಿಗೂ ಓದಲು ಕೊಟ್ಟೆ. ಅವಳು ಸಾರಿ ಕೇಳಲಿಲ್ಲ, ಆದರೆ ತನ್ನ ಅಜ್ಜಿಯ ಕಾಲಿನ ಬಾವಿನ ಫೋಟೋ ತೋರಿಸಿ ಇದು ಯಾಕಿರಬಹುದು ಅಂತ ಕೇಳಿದಳು. ಇಬ್ಬರೂ ಪುಸ್ತಕ ತೆಗೆದು ಕೂತೆವು, ಕೊನೆಗೆ ಹೃದಯದ ಡಾಕ್ಟರಿಗೆ ತೋರಿಸಲಿ ಅಂತ ಮನೆಗೆ ಫೋನ್ ಮಾಡಿಸಿದೆ.

ಎಂಟನೇ ಸೆಮಿಸ್ಟರ್ ಇಂಟರ್ನ್‌ಶಿಪ್. ಅಲ್ಲಿಯವರೆಗೆ ರಜೆಯಲ್ಲಿ ಬೆಂಗಳೂರಿಗೆ ಹೋಗಿ ಮೇಡಂ ಹೇಳಿದ ಯಾವುದಾದರೂ ಒಂದು ಜಾಗ ನೋಡುತ್ತೇನೆ. ಅಪ್ಪನನ್ನು ಒಪ್ಪಿಸಬೇಕು. ಐಸಿಯು ಆರು ತಿಂಗಳಾದರೂ ಮಾಡುವುದು ಒಳ್ಳೆಯದು ಅಂತ ಈಗ ನನಗೂ ಅನ್ನಿಸುತ್ತಿದೆ, ಮನೆ ಮನೆ ಸಿಸ್ಟರ್ ಹೇಳಿದ ಹಾಗೆ ಒಬ್ಬಳೇ ಇದ್ದಾಗ ಗುರುತಿಸಲು ಅದು ಬೇಕು.

ಹಿರಿಯ ಸಿಸ್ಟರ್, ಒಂದು ಕೇಳಬೇಕು. ಈಗ ಮೇಲ್ ಮೆಡಿಕಲ್ ವಾರ್ಡಿನಲ್ಲಿ ಪೋಸ್ಟಿಂಗ್. 14ನೇ ಬೆಡ್ಡಿನ ಅಜ್ಜ ಯಾರ ಜೊತೆಗೂ ಮಾತಾಡುವುದಿಲ್ಲ. ಕಿವಿ ಕೇಳಿಸುವುದಿಲ್ಲ. ಏನು ಕೇಳಿದರೂ ಹೂಂ ಅನ್ನುತ್ತಾರೆ. ಕೇಸ್ ಶೀಟಿನಲ್ಲಿ ಡಿಮೆನ್ಶಿಯಾ (ಮರೆವಿನ ಕಾಯಿಲೆ) ಇರಬಹುದಾ ಅಂತ ಪ್ರಶ್ನೆ ಚಿಹ್ನೆ ಹಾಕಿದ್ದಾರೆ. ನಾಳೆ ಒಂದು ಸ್ಲೇಟು ತಗೊಂಡು ಹೋಗಿ ಬರೆದು ಮಾತಾಡಿಸೋಣ ಅಂತಿದ್ದೇನೆ. ಸರಿನಾ?

ನಿವೃತ್ತ ವಾರ್ಡ್ ಸಿಸ್ಟರ್

ಸ್ಲೇಟು ತಗೊಂಡು ಹೋಗು. ಆದರೆ ಅದಕ್ಕೂ ಮೊದಲು ಡ್ಯೂಟಿ ಡಾಕ್ಟರಿಗೆ ಹೇಳಿ ಅಜ್ಜನ ಕಿವಿ ನೋಡಿಸು, ಗುಗ್ಗೆ ಗಟ್ಟಿಯಾಗಿ ಕೂತಿದ್ದರೂ ಕೇಳಿಸುವುದಿಲ್ಲ. ನೀನೇ ಕಡ್ಡಿ ಹಾಕಬೇಡ. ಮನೆಯವರನ್ನು ಎರಡು ಮಾತು ಕೇಳಿಕೋ: ಅಜ್ಜನಿಗೆ ಓದಲು ಬರುತ್ತದಾ, ಮನೆಯಲ್ಲಿ ಕನ್ನಡಕ ಇದೆಯಾ. ಓದು ಬಾರದವರ ಮುಂದೆ ಸ್ಲೇಟು ಹಿಡಿದರೆ ಅವರಿಗೆ ಅವಮಾನ ಆಗುತ್ತದೆ. ಓದಲು ಬಂದರೆ ಬಿಳಿ ಬಳಪದಲ್ಲಿ ದಪ್ಪಗೆ ಬರೆ. ಕಿಟಕಿಗೆ ಬೆನ್ನು ಹಾಕಿ ನಿಲ್ಲಬೇಡ, ಬೆಳಕು ನಿನ್ನ ಮುಖದ ಮೇಲೆ ಬೀಳಬೇಕು, ತುಟಿ ನೋಡಿ ಅವರಿಗೆ ಅರ್ಧ ತಿಳಿಯುತ್ತದೆ. ಮೊದಲು ಕಾಯಿಲೆ ಬಗ್ಗೆ ಕೇಳಬೇಡ, ಊರು ಯಾವುದು ಅಂತ ಬರೆ. ಏನಾಯಿತು ಅಂತ ನಾಳೆ ರಾತ್ರಿ ಇಲ್ಲಿ ಹೇಳು, ನಾನು ಎದ್ದಿರುತ್ತೇನೆ.